ಮಾಸಿದ ಹೃದಯಕ್ಕೆ ಮತ್ತೆ ಬಣ್ಣ

ಇವತ್ತು ಲಂಡನ್ನಲ್ಲಿ ಬಸವಣ್ಣನ ಪ್ರತಿಮೆ ನೋಡ್ಕೊಂಡು ಥೇಮ್ಸ್ ದಂಡೇಲಿ ಹಾಗೇ ನಡ್ಕೊಂಡು ಬರ್ತಿದ್ದೆ.

ಪಾರ್ಲಿಮೆಂಟಿನ ಎದುರು ದಡದಲ್ಲಿ ಕೋವಿಡ್ ಗೋಡೆ ಇದ್ಯಲ್ಲ, ಕೋವಿಡ್‌ನಿಂದ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಹೃದಯ ಬರೆದಿರೋದು, ಅಲ್ಲೊಬ್ರು ವಯಸ್ಸಾದವರು ಬಗ್ಗಿ ನಿಂತು ಮಾಸಿದ್ದ ಒಂದು ಹೃದಯಕ್ಕೆ ಸಣ್ಣ ಬ್ರಷ್ಷಲ್ಲಿ ಕೆಂಪು ತುಂಬ್ತಿದ್ರು, ಒಳಗಿನ ಹೆಸರು ಮುಚ್ಚಿಹೋಗದ ಹಾಗೆ ಅಕ್ಷರದ ಸುತ್ತ ಸುತ್ತ, ಉಸಿರು ಬಿಗಿಹಿಡಿದು.

2021ರ ಮಾರ್ಚಲ್ಲಿ ಈ ಗೋಡೇನ ಮನೆಯವರನ್ನ ಕಳ್ಕೊಂಡವರೇ ಸೇರಿ ಶುರು ಮಾಡಿದ್ದು. ಸರ್ಕಾರ ಕೋವಿಡ್ ನಿಭಾಯಿಸಿದ ರೀತಿ ಬಗ್ಗೆ ತನಿಖೆ ಮಾಡಿ ಅಂತ ಹಿಂದಿನ ವರ್ಷದಿಂದ್ಲೇ ಕೇಳ್ತಿದ್ರು. ಮೇ ತಿಂಗಳಲ್ಲಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ತನಿಖೆ ಘೋಷಿಸಿದ್ರು.

ಗೋಡೆಯೊಂದರಿಂದಲೇ ಆಯ್ತು ಅಂತಲ್ಲ. ಆದ್ರೆ ದುಡ್ಡಿರೋ ಲಾಬಿಯವರಿಗೆ ಮಂತ್ರಿಗಳ ಬಾಗಿಲು ಸುಲಭಕ್ಕೆ ತೆಗೆಯತ್ತೆ, ಇವರ ಹತ್ರ ಇದ್ದಿದ್ದು ಬಣ್ಣದ ಡಬ್ಬಿ, ಸುಮಾರು 500 ಮೀಟರ್ ಗೋಡೆ, ಅಷ್ಟೇ.

ನಾನು ನೋಡ್ತಾ ಇದ್ದ ಹಾಗೇ ಅವರು ಪಕ್ಕದ ಹೃದಯಕ್ಕೆ ಸರಿದ್ರು.