ಒಂದಂತಸ್ತಿನ ಮನೆಗೆ ಒಂದೇ ಇಟ್ಟಿಗೆ ಗೋಡೆ ಸಾಕು

ಗಿಲಾವು ಮಾಡದ, ಪೇಂಟ್ ಬಳಿಯದ ಇಟ್ಟಿಗೆ ಗೋಡೆ ಅಂದರೆ ನನಗೆ ತುಂಬಾ ಇಷ್ಟ. ಆದರೂ ಯಾರಾದರೂ ಮನೆ ಪೂರ್ತಿ ಇಟ್ಟಿಗೇನೇ ಕಾಣಬೇಕು ಅಂದರೆ ಬೇಡ ಅನ್ನುತ್ತೇನೆ. ಒಂದಂತಸ್ತಿನ ಮನೆಯ ಗೋಡೆ ಇರುವುದೇ ಹತ್ತಡಿ ಎತ್ತರ. ಎತ್ತರದ ಕಟ್ಟಡದಲ್ಲಿ ಮೇಲಿನ ಕೆಲಸ ಸ್ವಲ್ಪ ಒರಟಾಗಿದ್ದರೂ ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ, ಬೆಲ್ ಒತ್ತಿ ಬಾಗಿಲು ತೆಗೆಯುವುದನ್ನೇ ಕಾಯುತ್ತಾ ನಿಂತವರಿಗೆ ಪ್ರತಿ ವರಸೆಯೂ (ಇಟ್ಟಿಗೆಯ ಅಡ್ಡ ಸಾಲು), ಇಟ್ಟಿಗೆಗಳ ನಡುವಿನ ಪ್ರತಿ ಸಂದೂ ಕಾಣುತ್ತದೆ, ಬೇಕಿದ್ದರೆ ಮುಟ್ಟಿಯೂ ನೋಡಬಹುದು. ಅಷ್ಟು ಹತ್ತಿರದಿಂದ ನೋಡಿದರೂ ಚೆನ್ನಾಗಿರಬೇಕು ಅಂದರೆ ಒಳ್ಳೆಯ ಮೇಸ್ತ್ರಿಯ ಕೈ ಬೇಕು, ಸಮಯ ಬೇಕು. ಅದನ್ನೆಲ್ಲ ಒಂದೇ ಗೋಡೆಗೆ ಸುರಿಯುವುದು ವಾಸಿ.

ಯಾವ ಗೋಡೆ? ನನ್ನ ಓಟು ಮುಂಬಾಗಿಲ ಪಕ್ಕದಲ್ಲಿ ಹೊರಗೆ ಶುರುವಾಗಿ ಹಾಗೇ ನಡುಮನೆಯೊಳಗೆ ಹೋಗುವ ಗೋಡೆಗೆ. ಹೊರಗೂ ಒಳಗೂ ಅದೇ ಇಟ್ಟಿಗೆ, ಅದೇ ವರಸೆ. ತಗ್ಗಾಗಿ ಉದ್ದಕ್ಕೆ ಮಲಗಿದ ಮನೆಗೆ ಇದು ಚೆನ್ನಾಗಿ ಹೊಂದುತ್ತದೆ. ಇನ್ನೊಂದು ಲಾಭ ಒಂದಂತಸ್ತಿನ ಮನೆಗೆ ಮಾತ್ರ ಸಿಗುವಂಥದ್ದು: ಯಾವ ಕೋಣೆಗೆ ಬೇಕಾದರೂ ಚಾವಣಿಯಿಂದಲೇ ಬೆಳಕು ತರಬಹುದು. ಗೋಡೆಗೆ ಅಂಟಿಕೊಂಡಂತೆ ಮೇಲೊಂದು ಕಿರಿದಾದ ಗಾಜಿನ ಸೀಳು ಬಿಟ್ಟರೆ ಬಿಸಿಲು ಇಟ್ಟಿಗೆಗಳ ಮೈ ಸವರಿಕೊಂಡು ಇಳಿಯುತ್ತದೆ. ಅಲ್ಲಲ್ಲಿ ಒಂದಿಷ್ಟು ಇಟ್ಟಿಗೆಗಳನ್ನು ಒಂದಿಂಚಿನಷ್ಟು ಮುಂದೆ ಚಾಚಿ ಇಟ್ಟಿದ್ದರೆ ಸೂರ್ಯ ಸರಿದಂತೆ ನೆರಳೂ ಸರಿಯುತ್ತಾ ಹೋಗುತ್ತದೆ. ಅದೇ ಚಾಚು ಕೆಲಸವನ್ನು ದಿನವಿಡೀ ನೆರಳಲ್ಲೇ ಇರುವ ಗೋಡೆಗೆ ಮಾಡಿದರೆ ಧೂಳು ಕೂರಲು ಜಾಗ ಮಾಡಿಕೊಟ್ಟಂತೆ, ಅಷ್ಟೇ. ಒಂದು ಮಾತು ನೆನಪಿರಲಿ, ಓರೆ ಬೆಳಕು ಸೊಟ್ಟ ಕೆಲಸವನ್ನೂ ಅಷ್ಟೇ ಚೆನ್ನಾಗಿ ತೋರಿಸುತ್ತದೆ.

ಜನ ಇಟ್ಟಿಗೆಯ ಬಣ್ಣ ಆರಿಸಲು ವಾರಗಟ್ಟಲೆ ಓಡಾಡುತ್ತಾರೆ, ಸಂದಿನ ಗಾರೆ ಬಗ್ಗೆ ಒಂದು ನಿಮಿಷವೂ ಯೋಚಿಸುವುದಿಲ್ಲ. ಲೆಕ್ಕ ಹಾಕಿ ನೋಡಿ. 230 ಮಿ.ಮೀ. ಉದ್ದ, 75 ಮಿ.ಮೀ. ಎತ್ತರದ ಇಟ್ಟಿಗೆಗೆ ಸುತ್ತ 10 ಮಿ.ಮೀ. ಸಂದು ಬಿಟ್ಟರೆ, ಗೋಡೆಯ ಮುಖದಲ್ಲಿ ಸುಮಾರು 15% ಬರೀ ಗಾರೆಯೇ. ಅದರ ಬಣ್ಣ ಬದಲಾದರೆ ಇಡೀ ಗೋಡೆ ಬೇರೆಯೇ ಆಗುತ್ತದೆ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಷಿಕಾಗೋದಲ್ಲಿ ಕಟ್ಟಿಸಿದ ರೋಬಿ ಹೌಸ್‌ನಲ್ಲಿ (1910) ತೆಳು ಉದ್ದನೆಯ ಇಟ್ಟಿಗೆ ಬಳಸಿ, ನಿಂತ ಸಂದುಗಳಿಗೆ ಇಟ್ಟಿಗೆ ಬಣ್ಣದ್ದೇ ಗಾರೆ ತುಂಬಿಸಿ, ಮಲಗಿದ ಸಂದುಗಳಿಗೆ ಮಾತ್ರ ತಿಳಿ ಬಣ್ಣದ ಗಾರೆ ಹಾಕಿಸಿ ಒಳಕ್ಕೆ ಕೆರೆಸಿದರು. ದೂರದಿಂದ ನೋಡಿದರೆ ಅಡ್ಡ ಗೆರೆಗಳಷ್ಟೇ ಕಾಣುತ್ತವೆ. ಅದು ಒಂದಂತಸ್ತಿನ ಮನೆಯಲ್ಲ, ಆದರೂ ಈ ಉಪಾಯ ನಮ್ಮ ತಗ್ಗು ಗೋಡೆಗೆ ಹೇಳಿ ಮಾಡಿಸಿದ್ದು.

ಆದರೆ ಒಳಕ್ಕೆ ಕೆರೆದ ಸಂದಿನಲ್ಲಿ ಪ್ರತಿ ಇಟ್ಟಿಗೆಯ ತಲೆ ಮೇಲೂ ಒಂದು ಸಣ್ಣ ಕಟ್ಟೆ ಉಳಿಯುತ್ತದೆ, ಮಳೆ ನೀರು ಅಲ್ಲೇ ನಿಲ್ಲುತ್ತದೆ. ಒಳಗಿನ ಗೋಡೆಗೆ, ಅಗಲವಾದ ಸೂರಿನ ಕೆಳಗೆ, ಏನೂ ತೊಂದರೆಯಿಲ್ಲ. ಮಳೆ ನೇರವಾಗಿ ಹೊಡೆಯುವ ಕಡೆ ಸಂದನ್ನು ಒತ್ತಿ ಒಳಬಾಗಿಸಿ ಮುಗಿಸುವುದೇ ಸರಿ.

ಇನ್ನು ಎತ್ತರದ ಲೆಕ್ಕ. ಹತ್ತಡಿ ಗೋಡೆಗೆ ಹೆಚ್ಚುಕಡಿಮೆ 35 ವರಸೆ ಬರುತ್ತವೆ. ಪ್ರತಿ ಸಂದು ಎರಡೇ ಮಿ.ಮೀ. ದಪ್ಪವಾದರೂ ಕೊನೆಗೆ ಏಳು ಸೆಂಟಿಮೀಟರ್ ವ್ಯತ್ಯಾಸ! ಆಗ ಕಿಟಕಿಯ ತಲೆಗೂ ವರಸೆಗೂ ತಾಳೆಯಾಗದೆ ಇಟ್ಟಿಗೆಯನ್ನು ತೆಳ್ಳಗೆ ಸೀಳಿ ತುರುಕಬೇಕಾಗುತ್ತದೆ, ಆ ಜಾಗವೇ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಂದು ಮರದ ಪಟ್ಟಿಯ ಮೇಲೆ ವರಸೆಗಳನ್ನು ಮೊದಲೇ ಗುರುತು ಹಾಕಿಟ್ಟುಕೊಂಡು ಕಟ್ಟಿದರೆ ಈ ತಲೆನೋವು ಇರುವುದಿಲ್ಲ. ಬಾಗಿಲು, ಕಿಟಕಿ, ಲಿಂಟಲ್ ಎತ್ತರಗಳನ್ನೂ ನಕ್ಷೆಯಲ್ಲೇ ವರಸೆಗೆ ಹೊಂದಿಸಬೇಕು. ಸ್ವಿಚ್ ಪೈಪ್ ಕೂಡ ಅಷ್ಟೇ. ಗಿಲಾವು ಇದ್ದರೆ ಗೋಡೆ ಕೊರೆದು ಪೈಪ್ ಹೂತು ಮುಚ್ಚಬಹುದು, ಇಲ್ಲಿ ಮುಚ್ಚಲು ಏನಿದೆ? ಕಟ್ಟುವಾಗಲೇ ಒಳಗೆ ಸೇರಿಸಬೇಕು, ಇಲ್ಲವಾದರೆ ಆ ಗೋಡೆಗೆ ಸ್ವಿಚ್ಚೇ ಬೇಡ.

ಇಟ್ಟಿಗೆಯನ್ನು ಯಾವ ರೀತಿ ಜೋಡಿಸಬೇಕು ಅನ್ನುವುದರಲ್ಲಿ ನನಗೆ ಹಟವಿಲ್ಲ. ಮಾಮೂಲಿ ಅರ್ಧ ಇಟ್ಟಿಗೆ ಸರಿಸಿ ಕಟ್ಟುವುದೂ ಚೆಂದವೇ. ಕೇರಳದಲ್ಲಿ ಕೆಲಸ ಮಾಡಿದ ವಾಸ್ತುಶಿಲ್ಪಿ ಲಾರಿ ಬೇಕರ್ ತಾವು ಕಟ್ಟಿಸಿದ ಮನೆಗಳಲ್ಲಿ ಬಳಕೆಗೆ ತಂದ ರ‍್ಯಾಟ್ ಟ್ರ್ಯಾಪ್ ಬಾಂಡ್‌ನಲ್ಲಿ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಡುತ್ತಾರೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಶಾಖವೂ ಕಡಿಮೆ ದಾಟುತ್ತದೆ. ಇಟ್ಟಿಗೆಯಂತೆ ಕಾಣುವ ತೆಳು ಟೈಲ್ ಅಂಟಿಸುವುದು ಮಾತ್ರ ನನಗೆ ಹಿಡಿಸುವುದಿಲ್ಲ. ಮೂಲೆಯಲ್ಲಿ ಗುಟ್ಟು ರಟ್ಟಾಗಿಬಿಡುತ್ತದೆ ಅಲ್ವಾ?

ಗೋಡೆ ಎದ್ದ ಮೇಲೆ ಬಿಳಿ ಉಪ್ಪು ಮೇಲೆ ಬಂದರೆ ಗಾಬರಿ ಬೇಡ. ಒಳಗಿನ ನೀರು ಆರುತ್ತಾ ಉಪ್ಪನ್ನು ಹೊರಗೆ ತರುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ನೀರು ಸುರಿದರೆ ಅದೇ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಗೋಡೆ ಪೂರ್ತಿ ಒಣಗುವ ಮೊದಲು ಸೀಲರ್ (ನೀರು ಇಂಗದಂತೆ ಬಳಿಯುವ ದ್ರವ) ಹಚ್ಚಲು ಅವಸರ ಮಾಡಬೇಡಿ. ಆದರೆ ತಿಂಗಳುಗಳು ಕಳೆದರೂ ಬರುತ್ತಲೇ ಇದ್ದರೆ ನೀರು ಎಲ್ಲಿಂದಲೋ ಒಳಗೆ ಬರುತ್ತಿದೆ ಅಂತ ಅರ್ಥ. ಮೊದಲು ಗೋಡೆಯ ತಲೆ, ಆಮೇಲೆ ಬುಡ ನೋಡಿ.

ಫಿನ್ಲೆಂಡಿನ ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ 1950ರ ದಶಕದಲ್ಲಿ ಅಲ್ಲಿನ ಮೂರಾತ್ಸಾಲೊ ದ್ವೀಪದ ತಮ್ಮ ಬೇಸಿಗೆ ಮನೆಯ ಅಂಗಳದಲ್ಲಿ, ಇಟ್ಟಿಗೆ ಮತ್ತು ಟೈಲ್‌ಗಳ ಸುಮಾರು 50 ಬಗೆಯ ತುಂಡು ಗೋಡೆಗಳನ್ನು ಒಂದರ ಪಕ್ಕ ಒಂದು ಕಟ್ಟಿಸಿ, ಯಾವುದು ಹೇಗೆ ಕಾಣುತ್ತದೆ, ಹೇಗೆ ಬಾಳುತ್ತದೆ ಅಂತ ಪರೀಕ್ಷೆ ಮಾಡಿದರು. ನಮಗೆ ಅಷ್ಟೆಲ್ಲ ಬೇಡ. ಮೂರಡಿ ಅಗಲ, ಮೂರಡಿ ಎತ್ತರದ ಒಂದು ಮಾದರಿ ಗೋಡೆ ಸಾಕು, ಅದೇ ಇಟ್ಟಿಗೆ, ಅದೇ ಗಾರೆ, ಅದೇ ಮೇಸ್ತ್ರಿ. ಅದನ್ನು ಪೂರ್ತಿ ಒಣಗಲು ಬಿಟ್ಟು ಆಮೇಲೆ ತೀರ್ಮಾನ ಮಾಡಿ, ಯಾಕೆಂದರೆ ಹಸಿ ಗಾರೆಯ ಬಣ್ಣವೇ ಬೇರೆ. ಕೆಲಸ ಮುಗಿಯುವವರೆಗೂ ಅದನ್ನು ಒಡೆಯಬೇಡಿ. ಸೀಲರ್ ಆಗಲಿ, ಕಲೆ ತೆಗೆಯುವ ಆಸಿಡ್ ಆಗಲಿ, ಮೊದಲು ಅದರ ಮೇಲೆ ಹಚ್ಚಿ ನೋಡಿ.