ಗಲಾಟೆ ತೆಗೆದ ಮೇಲೆ ಕೇಳಿಸಿದ ಓಟ್ಸ್

ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ. ಹೊಳವಾದ ಕೂಡಲೇ ಬರ್ತೀನಿ ಅಂದ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವನು, ಇನ್ನೂ ಬಂದಿಲ್ಲ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸಲು ತಂದಿಟ್ಟ ಮೈಲುತುತ್ತ, ಸುಣ್ಣ ಎರಡೂ ಕೊಟ್ಟಿಗೆಯ ಮೂಲೆಯಲ್ಲಿ ಹಾಗೇ ಕೂತಿವೆ. ಕರೆಂಟು ಮೊನ್ನೆ ರಾತ್ರಿ ಹೋದದ್ದು. ನೆಟ್‌ವರ್ಕಂತೂ ನಮ್ಮ ಕಡೆ ಬಿಸಿಲಿದ್ದಾಗಲೂ ಗುಡ್ಡ ಹತ್ತಿದರೆ ಮಾತ್ರ. ಹಾಗಾಗಿ ಫೋನಿನಲ್ಲಿ ಮೊದಲೇ ಇಳಿಸಿಟ್ಟುಕೊಂಡಿದ್ದ ಒಂದೇ ಒಂದು ಆಲ್ಬಂ ಅನ್ನು ಜಗಲಿಯಲ್ಲಿ ಕೂತು ಮೂರು ಸಲ ಪೂರ್ತಿ ಕೇಳಿದೆ. ಅಮೆರಿಕದ ಹಾಡುಗಾರರಾದ ಡ್ಯಾರಿಲ್ ಹಾಲ್ ಮತ್ತು ಜಾನ್ ಓಟ್ಸ್ ಜೋಡಿಯ 'ಲೈವ್ ಅಟ್ ದ ಟ್ರೂಬಡೋರ್'. 2008ರ ಮೇ ತಿಂಗಳಲ್ಲಿ ಹಾಡಿದ್ದು, ಅದೇ ವರ್ಷ ನವೆಂಬರಿನಲ್ಲಿ ಹೊರಬಂದದ್ದು.

ಈ ಜೋಡಿ ನನಗೆ ಗೊತ್ತಾದದ್ದು ರೇಡಿಯೋದಿಂದಲ್ಲ, ಕ್ಯಾಸೆಟ್ಟಿನಿಂದಲೂ ಅಲ್ಲ. ಸಿರಸಿಯ ಸೈಬರ್ ಕೆಫೆಯಿಂದ. ಹೈಸ್ಕೂಲು ಬಿಟ್ಟ ಮೇಲೆ ಬಸ್ಸಿಗೆ ಒಂದು ಗಂಟೆ ಟೈಮಿರುತ್ತಿತ್ತು, ಆ ಒಂದು ಗಂಟೆ ನಾವು ಮೂರು ಜನ ಒಂದೇ ಕುರ್ಚಿಗೆ ಆತುಕೊಂಡು ಜಿಟಿಎ ವೈಸ್ ಸಿಟಿ ಅನ್ನುವ ಕಂಪ್ಯೂಟರ್ ಗೇಮ್ ಆಡುತ್ತಿದ್ದೆವು. ಅದರಲ್ಲಿ ಕಾರು ಕದ್ದ ಕೂಡಲೇ ರೇಡಿಯೋ ಹಾಡಲು ಶುರುಮಾಡುತ್ತಿತ್ತು ನೋಡಿ, ಫ್ಲ್ಯಾಶ್ ಎಫ್‌ಎಂ ಅಂತ ಒಂದು ಸ್ಟೇಷನ್ನು, ಅದರಲ್ಲಿ 'ಔಟ್ ಆಫ್ ಟಚ್' ಬರುತ್ತಿತ್ತು. ಯಾರ ಹಾಡು, ಏನು ಎತ್ತ ಒಂದೂ ಗೊತ್ತಿಲ್ಲ. ಆ ಹಾಡು ಬಂದರೆ ಪೊಲೀಸರು ಹಿಂದೆ ಬಿದ್ದಿದ್ದರೂ ಕಾರಿನಿಂದ ಇಳಿಯುತ್ತಿರಲಿಲ್ಲ, ಅಷ್ಟೇ. ಅದು 1984ರ ಹಾಡು. ಢಬ್ ಢಬ್ ಅನ್ನುವ ಮಷೀನ್ ಡ್ರಮ್ಮು, ಮೇಲೆ ಸಿಂಥಸೈಜರ್, ಎಲ್ಲ ತುಂಬಿ ತುಳುಕುವ ಸದ್ದು. ಕೆಫೆಯ ಮುರುಕಲು ಸ್ಪೀಕರಿನಲ್ಲೂ ಎದೆಗೆ ಬಡಿಯುತ್ತಿತ್ತು.

ಆಮೇಲೆ ಹುಡುಕಿ ಓದಿದೆ. ಇಬ್ಬರೂ ಫಿಲಡೆಲ್ಫಿಯಾ ಕಡೆಯವರು, ಟೆಂಪಲ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದವರು. 1967ರಲ್ಲಿ ಅಡೆಲ್ಫಿ ಬಾಲ್‌ರೂಮ್ ಅನ್ನುವ ಕಡೆ ಒಂದು ಹಾಡಿನ ಕಾರ್ಯಕ್ರಮಕ್ಕೆ ತಂತಮ್ಮ ತಂಡದ ಜೊತೆ ಬಂದಿದ್ದರು. ಅಲ್ಲಿ ಎರಡು ಗ್ಯಾಂಗಿನವರಿಗೆ ಜಗಳ ಹತ್ತಿ ಗುಂಡು ಹಾರಿತಂತೆ, ಇವರಿಬ್ಬರೂ ತಪ್ಪಿಸಿಕೊಳ್ಳಲು ಓಡಿ ಹೊಕ್ಕಿದ್ದು ಒಂದೇ ಲಿಫ್ಟಿಗೆ. ಪರಿಚಯ ಆದದ್ದು ಹಾಗೆ. ನಂತರ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಇವರ ಆರು ಹಾಡು ಒಂದನೇ ಸ್ಥಾನಕ್ಕೆ ಹೋದವು, 2014ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೂ ಸೇರಿದರು. ಇನ್ನೊಂದು ತಮಾಷೆ ಇದೆ. ಜನ ಎಲ್ಲ ಇವರನ್ನು ಹಾಲ್ ಅಂಡ್ ಓಟ್ಸ್ ಅನ್ನುತ್ತಾರೆ, ಆದರೆ ಆಲ್ಬಮ್ಮಿನ ಮೇಲೆ ಯಾವತ್ತೂ ಇಬ್ಬರದೂ ಪೂರ್ತಿ ಹೆಸರೇ ಇರುತ್ತದೆ, ಅದರಲ್ಲೂ ಹಾಲ್‌ಗೆ ಆ ಗಿಡ್ಡ ಹೆಸರು ಕಂಡರಾಗದು. ನಮ್ಮ ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಬೇರೆ ಬೇರೆ ಸಾಲಿನಲ್ಲಿ ಇರುತ್ತದಲ್ಲ, ಹಾಗೆ. ಇದು ಆಮೇಲೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಟ್ರೂಬಡೋರ್ ಅಂದರೆ ಲಾಸ್ ಏಂಜಲೀಸ್ ಪಕ್ಕದ ವೆಸ್ಟ್ ಹಾಲಿವುಡ್‌ನಲ್ಲಿರುವ ಒಂದು ಸಣ್ಣ ಕ್ಲಬ್ಬು. 1957ರಲ್ಲಿ ಶುರುವಾದದ್ದು. ಎಲ್ಟನ್ ಜಾನ್ 1970ರಲ್ಲಿ ಅಮೆರಿಕದಲ್ಲಿ ಮೊದಲು ಹಾಡಿದ್ದು ಇಲ್ಲೇ. ಸಣ್ಣದು ಅಂದರೆ ಎಷ್ಟು ಸಣ್ಣದು, ಐನೂರು ಜನ ನಿಂತರೆ ತುಂಬಿತು. ಸಿರಸಿ ಮಾರಿಜಾತ್ರೆಯಲ್ಲಿ ಒಂದು ಐಸ್‌ಕ್ರೀಂ ಅಂಗಡಿ ಮುಂದೆ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಈ ಜೋಡಿ ಹೆಸರು ಮಾಡುವ ಮುಂಚೆ ಅಲ್ಲಿ ಹಾಡಿತ್ತು, ದೊಡ್ಡ ದೊಡ್ಡ ಸ್ಟೇಡಿಯಂ ಎಲ್ಲ ಸುತ್ತಿ ಅರವತ್ತು ದಾಟುವ ಹೊತ್ತಿಗೆ ಮತ್ತೆ ಅಲ್ಲಿಗೇ ಬಂತು. 1985ರಲ್ಲಿ ಹಾರ್ಲೆಮ್ಮಿನ ಅಪೊಲೊ ಥಿಯೇಟರ್ ಮತ್ತೆ ತೆರೆದಾಗಲೂ ಇವರು ಹಾಡಿದ್ದಾರೆ, ಅದರದ್ದೂ ಲೈವ್ ಆಲ್ಬಂ ಇದೆ. ಅದು ಜಾತ್ರೆಯ ಯಕ್ಷಗಾನದ ಆಟ ಇದ್ದ ಹಾಗೆ, ಬಣ್ಣ, ಕಿರೀಟ, ಎಲ್ಲ ಇದೆ. ಇದು ಹಾಗಲ್ಲ.

ಇದು ಏನು ಅಂತ ನನಗೆ ಹೇಳಿಕೊಟ್ಟದ್ದು ದೊಡ್ಡಪ್ಪ. ಕವಳ ಹಾಕಿಕೊಂಡು ಮಳೆ ನೋಡುತ್ತಾ ಕೂತಿದ್ದವರು ಎರಡನೇ ಸಲ ಆಲ್ಬಂ ಹಾಕಿದಾಗ ಈ ಕಡೆ ತಿರುಗಿದರು. "ಇದೆಂತದಾ, ತಾಳಮದ್ದಲೆ ಇದ್ದಾಂಗೆ ಇದ್ದಲಾ?"

ಇಂಗ್ಲಿಷಿನಲ್ಲಿ ಹೀಗೆ ಕರೆಂಟಿನ ವಾದ್ಯದ ಅಬ್ಬರ ಬಿಟ್ಟು ಹಾಡುವುದಕ್ಕೆ ಏನೇನೋ ಹೆಸರಿದೆ, ಅನ್‌ಪ್ಲಗ್ಡ್ ಅಂತ, ಅಕೂಸ್ಟಿಕ್ ಅಂತ. ದೊಡ್ಡಪ್ಪ ಹೇಳಿದ್ದಕ್ಕಿಂತ ಸರಿಯಾದ ಶಬ್ದ ನನಗೆ ಇನ್ನೂ ಸಿಕ್ಕಿಲ್ಲ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ನಮ್ಮಲ್ಲಿ ದೇವಸ್ಥಾನದ ಚಂದ್ರಶಾಲೆಯಲ್ಲೋ ಯಾರದೋ ಮನೆ ಜಗಲಿಯಲ್ಲೋ ತಾಳಮದ್ದಲೆ ಆಗುತ್ತದೆ. ಅದೇ ಪ್ರಸಂಗ, ಅದೇ ಪದ್ಯ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ರಂಗಸ್ಥಳದ ಬೆಳಕೂ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಬಿಳಿ ಪಂಚೆ ಉಟ್ಟ ಅರ್ಥಧಾರಿಗಳು ಎದುರು ಬದುರು ಕೂತು ಅದರ ಮೇಲೆ ಮಾತಾಡುತ್ತಾರೆ. ಆಟದಲ್ಲಿ ಚಿಟ್ಟಾಣಿಯವರಂಥ ವೇಷಧಾರಿಗಳು ಕುಣಿದು ಗೆಲ್ಲಿಸಿಬಿಡುತ್ತಿದ್ದರು, ಕಾಲಿನಲ್ಲೇ ಅರ್ಥ ಹೇಳುತ್ತಿದ್ದರು. ತಾಳಮದ್ದಲೆಯಲ್ಲಿ ಆ ದಾರಿ ಇಲ್ಲ. ಪದ್ಯ ಗಟ್ಟಿ ಇರಬೇಕು, ಗಂಟಲು ಗಟ್ಟಿ ಇರಬೇಕು, ಇಲ್ಲದಿದ್ದರೆ ಜನ ಕೂತಲ್ಲೇ ತೂಕಡಿಸುತ್ತಾರೆ. ಕೆಲವರು ಎದ್ದು ಹೋಗುತ್ತಾರೆ ಕೂಡ.

ಟ್ರೂಬಡೋರಿನಲ್ಲಿ ಇವರು ಮಾಡಿದ್ದು ಅದನ್ನೇ. 'ಐ ಕಾಂಟ್ ಗೋ ಫಾರ್ ದಟ್' ತಗೊಳ್ಳಿ. 1981ರ ಮೂಲ ಹಾಡು ಶುರುವಾಗುವುದೇ ಒಂದು ಡ್ರಮ್ ಮಷೀನಿನಿಂದ, ಟಿಕ್ ಟಿಕ್ ಅನ್ನುತ್ತಾ. ಅದರ ಬೇಸ್ ನಡೆ ಎಷ್ಟು ಹಿಡಿಸಿತ್ತು ಅಂದರೆ ಮೈಕಲ್ ಜಾಕ್ಸನ್ 'ಬಿಲ್ಲಿ ಜೀನ್'ಗೆ ಅದನ್ನು ತಗೊಂಡೆ ಅಂತ ತನ್ನ ಹತ್ತಿರ ಒಪ್ಪಿಕೊಂಡಿದ್ದ ಅಂತ ಹಾಲ್ ಹೇಳಿಕೊಂಡಿದ್ದಾರೆ. ಅಂಥ ಹಾಡನ್ನು ಮನುಷ್ಯರು ಕೈಯಲ್ಲಿ ಬಾರಿಸಿದರೆ ಹೇಗಿರುತ್ತದೋ ಅಂತ ನನಗೆ ಅನುಮಾನ ಇತ್ತು. ಸಲೀಸಾಗಿ ನಿಂತಿದೆ. ಇನ್ನೂ ಸ್ವಲ್ಪ ಸಡಿಲ, ಸ್ವಲ್ಪ ಆರಾಮ. 'ಮ್ಯಾನ್‌ಈಟರ್'ನಲ್ಲಿ ಚಾರ್ಲಿ ಡಿಶಾಂಟ್ ಸ್ಯಾಕ್ಸೋಫೋನ್ ಎತ್ತಿದರೆ 1982ರ ರೆಕಾರ್ಡಿನಲ್ಲಿ ಊದಿದ್ದ ಅದೇ ಮನುಷ್ಯ ಅಂತ ಕಿವಿಗೇ ಗೊತ್ತಾಗುತ್ತದೆ.

ಆದರೆ ನಾನು ಇಷ್ಟು ಬರೆಯಲು ಕೂತದ್ದು ಓಟ್ಸ್‌ಗೋಸ್ಕರ.

ನಿಜ ಹೇಳಬೇಕೆಂದರೆ ಇಷ್ಟು ವರ್ಷ ನಾನು ಈ ಜೋಡಿಯಲ್ಲಿ ಒಬ್ಬರನ್ನೇ ಕೇಳುತ್ತಿದ್ದೆ. ಎತ್ತರಕ್ಕೆ ಹೋಗುವ, ಎಳೆಯುವ, ಬಳುಕಿಸುವ ಗಂಟಲು ಹಾಲ್‌ದು. ಓಟ್ಸ್ ಅಂದರೆ ಪಕ್ಕದಲ್ಲಿ ಗಿಟಾರ್ ಹಿಡಿದ ಗಿಡ್ಡ ಮೀಸೆಯವನು, ಅಷ್ಟೇ. ಸುಮ್ನೆ ಫೋಟೋಕ್ಕೆ ಇಟ್ಟುಕೊಂಡಿದ್ದಾರೆ ಅಂತ ನಾವು ಗೆಳೆಯರು ನಗಾಡುತ್ತಿದ್ದೆವು. ಈ ಆಲ್ಬಂ ಕೇಳಿದ ಮೇಲೆ ಆ ನಗೆ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. 'ಶೀಸ್ ಗಾನ್' ಕೇಳಿ. ಇಬ್ಬರೂ ಸೇರಿ ಬರೆದದ್ದು, ಇಬ್ಬರಿಗೂ ಹೆಣ್ಣು ಕೈಬಿಟ್ಟುಹೋದ ಹೊತ್ತಿನಲ್ಲಿ. 1973ರ ಆಲ್ಬಮ್ಮಿನ ಈ ಹಾಡು ಮೊದಲ ಸಲ ಬಿಟ್ಟಾಗ ಓಡಲಿಲ್ಲ, 1976ರಲ್ಲಿ ಮತ್ತೆ ಬಿಟ್ಟಾಗ ಮೊದಲ ಹತ್ತರೊಳಗೆ ಬಂತು. ಅದರಲ್ಲಿ ಓಟ್ಸ್ ಕೆಳಗಿನ ಸ್ವರದಲ್ಲಿ, ಹಾಲ್ ಮೇಲಿನ ಸ್ವರದಲ್ಲಿ, ಒಂದೇ ಸಾಲನ್ನು ಇಬ್ಬರೂ ಹೊತ್ತುಕೊಂಡು ನಡೆಯುತ್ತಾರೆ. ಈ ಸಣ್ಣ ಕ್ಲಬ್ಬಿನಲ್ಲಿ, ಸುತ್ತಲಿನ ಗಲಾಟೆ ತೆಗೆದ ಮೇಲೆ, ಆ ಕೆಳಗಿನ ಸ್ವರ ಇಲ್ಲದಿದ್ದರೆ ಮೇಲಿನದು ಗಾಳಿಗೆ ಹೋಗುತ್ತಿತ್ತು ಅಂತ ಮೊದಲ ಸಲ ತಿಳಿಯಿತು. ಆಟದಲ್ಲಿ ಚಂಡೆಯ ಅಬ್ಬರದಲ್ಲಿ ಮದ್ದಲೆ ಯಾರಿಗೆ ಕೇಳಿಸುತ್ತದೆ ಹೇಳಿ. ಜಗಲಿಯಲ್ಲಿ ಕೂತಾಗ ಭಾಗವತರ ಗಂಟಲನ್ನು ಎತ್ತಿ ಹಿಡಿದದ್ದು ಯಾವುದು ಅಂತ ಗೊತ್ತಾಗುತ್ತದೆ. ಓಟ್ಸ್ ಒಬ್ಬರೇ ಮುಂದೆ ನಿಂತು 'ಹ್ಯಾಡ್ ಐ ನೋನ್ ಯು ಬೆಟರ್ ದೆನ್' ಹಾಡುವುದೂ ಇದೆ, ಅವರೇ ಬರೆದದ್ದು. ದೊಡ್ಡ ಗಂಟಲಲ್ಲ. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಇದೆ, ನನಗೆ ಅದೇ ಇಷ್ಟವಾಯಿತು.

ದೂರೂ ಇದೆ. ಎರಡು ಸಿಡಿ ತುಂಬ ಇದೆ, ಜಾಸ್ತಿ ಆಯಿತು. 'ಸಾರಾ ಸ್ಮೈಲ್'ನಂಥ ಹಾಡಿನ ಕೊನೆಯಲ್ಲಿ ಹಾಲ್ ಎಳೆಯುತ್ತಾರೆ, ಎಳೆಯುತ್ತಾರೆ, ಪದ್ಯ ಮುಗಿದ ಮೇಲೂ ಮಾತು ಬಿಡದ ಅರ್ಥಧಾರಿಯ ಹಾಗೆ. ಹಿನ್ನೆಲೆಯಲ್ಲಿ ಇನ್ನೂ ಒಂದಿಬ್ಬರು ಕಡಿಮೆ ಇದ್ದರೂ ನಡೆಯುತ್ತಿತ್ತು. ಗಿಟಾರ್ ನುಡಿಸುವ ಟಿ-ಬೋನ್ ವೋಕ್ ಮಾತ್ರ ಬೇಕೇ ಬೇಕು. ಎಂಬತ್ತರ ದಶಕದಿಂದ ಇವರ ಜೊತೆಗಿದ್ದವರು, ಹಾಲ್ ತನ್ನ ಮನೆಯಿಂದಲೇ 2007ರ ಕೊನೆಗೆ ಶುರುಮಾಡಿದ ಇಂಟರ್ನೆಟ್ ಕಾರ್ಯಕ್ರಮಕ್ಕೂ ಬೆನ್ನೆಲುಬು. ಮನೆಯಲ್ಲಿ ಕೂತು ಹಾಡುವ ಆ ರೂಢಿಯೇ ಟ್ರೂಬಡೋರಿಗೂ ಬಂದಿರಬೇಕು ಅಂತ ನನ್ನ ಅಂದಾಜು. ವೋಕ್ 2010ರ ಫೆಬ್ರವರಿಯಲ್ಲಿ ತೀರಿಕೊಂಡರು.

ಮೂರನೇ ಸಲ ಹಾಕಿದಾಗ ದೊಡ್ಡಪ್ಪನೇ ಸ್ಪೀಕರ್ ಹತ್ತಿರ ಎಳೆದುಕೊಂಡರು. ಕತ್ತಲಾಗುತ್ತಿತ್ತು, ಅತ್ತಿಗೆ ಕಷಾಯ ತಂದಿಟ್ಟರು. ಇವರು ಈಗಲೂ ಒಟ್ಟಿಗೆ ಹಾಡುತ್ತಾರಾ ಅಂತ ದೊಡ್ಡಪ್ಪ ಕೇಳಿದರು. ಇಲ್ಲ ದೊಡ್ಡಪ್ಪ, 2023ರ ಕೊನೆಗೆ ಆ ಹಾಲ್ ಓಟ್ಸ್ ಮೇಲೆ ಕೋರ್ಟಿಗೆ ಹೋದ, ಇಬ್ಬರದೂ ಸೇರಿ ಒಂದು ಕಂಪನಿ ಇತ್ತು, ಅದರಲ್ಲಿ ತನ್ನ ಪಾಲನ್ನು ಓಟ್ಸ್ ಬೇರೆಯವರಿಗೆ ಮಾರಲು ಹೊರಟಿದ್ದ, ಅದನ್ನು ತಡೆಯಲು, ಅಂದೆ.

"ಹೋ, ಹಿಸೆ ಜಗಳ" ಅಂದರು ದೊಡ್ಡಪ್ಪ. ಸ್ವಲ್ಪವೂ ಆಶ್ಚರ್ಯ ಆದ ಹಾಗೆ ಕಾಣಲಿಲ್ಲ.

ದೊಡ್ಡಪ್ಪ ಊರಿನ ತಾಳಮದ್ದಲೆಗೆ ಭಾಗವತಿಕೆ ಮಾಡುವವರು. ಮದ್ದಲೆಗೆ ಕೂರುವವರು ಕೆಳಗಿನ ಕೇರಿಯವರು. ತೋಟದ ಹಾದಿಯ ವಿಷಯಕ್ಕೆ ಇಬ್ಬರಿಗೂ ಮಾತು ನಿಂತು ಆರು ವರ್ಷ. ದಾರಿಯಲ್ಲಿ ಎದುರಾದರೆ ಇವರು ಅಡಿಕೆ ಮರದ ತುದಿ ನೋಡುತ್ತಾರೆ, ಅವರು ಕಾಲುವೆ ನೋಡುತ್ತಾರೆ. ಆದರೆ ಶ್ರಾವಣದಲ್ಲಿ ಕೃಷ್ಣಸಂಧಾನ ಪ್ರಸಂಗ ಇದೆ ಅಂದರೆ ಇಬ್ಬರೂ ಬಂದು ಮಗ್ಗುಲಲ್ಲೇ ಕೂರುತ್ತಾರೆ, ಶ್ರುತಿ ಸರಿ ಇದೆಯಾ ಅಂತಲೂ ಬಾಯಿಬಿಟ್ಟು ಕೇಳುವುದಿಲ್ಲ, ಇವರು ಪದ್ಯ ಎತ್ತುವಷ್ಟರಲ್ಲಿ ಅವರ ಕೈ ಮದ್ದಲೆ ಮೇಲೆ ಬಿದ್ದಿರುತ್ತದೆ.

'ಶೀಸ್ ಗಾನ್' ಮುಗಿಯಿತು, ಆಲ್ಬಮ್ಮಿನಲ್ಲಿ ಜನ ಚಪ್ಪಾಳೆ ತಟ್ಟಿದರು. ದೊಡ್ಡಪ್ಪ ಕಷಾಯದ ಲೋಟ ಕೆಳಗಿಟ್ಟು, "ಹಂಗಾರೆ ಆ ಕೆಳಗಿನ ಸ್ವರ ಈಗ ಯಾರು ಹಾಡ್ತ?" ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಫೋನಿನಲ್ಲಿ ಬ್ಯಾಟರಿ ಒಂಬತ್ತು ಪರ್ಸೆಂಟ್ ಉಳಿದಿತ್ತು. ಅದೇ ಹಾಡನ್ನು ಇನ್ನೊಂದು ಸಲ ಹಾಕು ಅಂದರು.