ಉಂಬಳ ಹುಡುಕಿದ ದಿನ

12 ಆಗಸ್ಟ್ 2024, ಸೋಮವಾರ
ಹೊಸನಗರ ತಾಲ್ಲೂಕು

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಶಾಲೆಯ ಪುಸ್ತಕದ ಬೀರು ತೆಗೆದರೆ ಬೂಷ್ಟಿನ ವಾಸನೆ. ಒಣಬಟ್ಟೆಯಲ್ಲಿ ಒಂದೊಂದೇ ರಟ್ಟು ಒರೆಸುವ ಕೆಲಸ ಮಕ್ಕಳದ್ದು. ಮಳೆಗಾಲದಲ್ಲಿ ನಮ್ಮ ಲೈಬ್ರರಿ ಪೀರಿಯಡ್ ಶುರುವಾಗುವುದೇ ಹೀಗೆ.

ಐದನೇ ಕ್ಲಾಸಿನ ಹುಡುಗಿಯೊಬ್ಬಳ ಕಾಲಲ್ಲಿ ರಕ್ತ ಇಳಿಯುತ್ತಿತ್ತು. ತೋಟದ ದಾರಿಯಲ್ಲಿ ರಕ್ತ ಹೀರುವ ಉಂಬಳ ಹತ್ತಿದೆ. ಅದು ಬಿದ್ದುಹೋಗಿ ಎಷ್ಟೋ ಹೊತ್ತಾಗಿದ್ದರೂ ರಕ್ತ ನಿಂತಿರಲಿಲ್ಲ. "ಯಾಕೆ ಟೀಚರ್ ನಿಲ್ಲೋದೇ ಇಲ್ಲ?" ತೊಳೆದು, ಹತ್ತಿ ಒತ್ತಿ ಕಟ್ಟಿದೆ. ಉತ್ತರ ನಾಲಿಗೆ ತುದಿಯಲ್ಲೇ ಇತ್ತು, ಹೇಳಲಿಲ್ಲ. "ಬಾ, ಪುಸ್ತಕದಲ್ಲಿ ನೋಡೋಣ" ಅಂದೆ.

ಪ್ರಾಣಿಗಳ ಪುಸ್ತಕ ಅವಳೇ ತೆಗೆದಳು. ಮೊದಲ ಪುಟದಿಂದ ತಿರುವಲಿಲ್ಲ, ಹಿಂದಿನ ಪದಸೂಚಿಗೇ ಹೋದಳು. ಜೂನ್‌ನಲ್ಲಿ ಹೇಳಿಕೊಟ್ಟದ್ದು ನೆನಪಿದೆಯಲ್ಲ ಅಂತ ನನಗೆ ಎಷ್ಟು ಖುಷಿಯಾಯಿತು! ಆದರೆ ಅಲ್ಲಿ ಉಂಬಳ ಇಲ್ಲ. "ಇವರಿಗೆ ಉಂಬಳ ಗೊತ್ತೇ ಇಲ್ಲ" ಅಂತ ಮುಖ ಸಣ್ಣ ಮಾಡಿದಳು.

ನಿಘಂಟು ಕೊಟ್ಟೆ. 'ಉ' ಸಿಕ್ಕಿತು, ಪದ ಸಿಗಲಿಲ್ಲ. ಕಾಗುಣಿತದಲ್ಲಿ ಸೊನ್ನೆ ಕೊನೆಗೆ ಬರುತ್ತದೆ ಅಲ್ವಾ, ಹಾಗಾಗಿ 'ಉ' ಮುಗಿಯುವ ಕಡೆ ಹುಡುಕುತ್ತಿದ್ದಳು. ನಮ್ಮ ನಿಘಂಟಿನಲ್ಲಿ ಸೊನ್ನೆಯ ಪದಗಳೇ ಮೊದಲು. ಇದು ನಾನು ಯಾವತ್ತೂ ಬಿಡಿಸಿ ಹೇಳಿರಲಿಲ್ಲ, ಹೇಳಬೇಕಿತ್ತು. ಹಿಂದೆ ಬಂದು ನೋಡಿದಳು. ಉಂಬಳ: ಜಿಗಣೆ. ಮತ್ತೆ ಪ್ರಾಣಿ ಪುಸ್ತಕ, ಈ ಸಲ 'ಜ'.

ಅವಳು ಜೋರಾಗಿ ಓದಿದಳು, ಒರೆಸುತ್ತಿದ್ದವರೆಲ್ಲ ಸುತ್ತ ಸೇರಿದರು. ಜಿಗಣೆ ಎರೆಹುಳದ ಸಂಬಂಧಿ. ಎರಡೂ ತುದಿಯಲ್ಲಿ ಹೀರುಬಟ್ಟಲು. ಜೊಲ್ಲಿನಲ್ಲಿ ಹಿರುಡಿನ್ ಅನ್ನುವ ವಸ್ತು, ಅದರಿಂದ ರಕ್ತ ಹೆಪ್ಪುಗಟ್ಟುವುದಿಲ್ಲ. "ಅದಕ್ಕೇ ನಿಲ್ಲಲ್ಲ!" ಅಂತ ಕಾಲಿನ ಕಟ್ಟು ಎಲ್ಲರಿಗೂ ತೋರಿಸಿದಳು. "ಸುಣ್ಣ ಹಚ್ಚಿದ್ರೆ ಬಿದ್ದುಹೋಗುತ್ತೆ ಅಂತ ಬರೆದೇ ಇಲ್ಲ" ಅಂದ ಒಬ್ಬ. ಬರೆದದ್ದರಲ್ಲಿ ಏನು ಬಿಟ್ಟುಹೋಗಿದೆ ಅಂತ ಹೀಗೆ ಹುಡುಕುವುದು ನನಗೆ ಜಾಸ್ತಿ ಇಷ್ಟ.

ಇವತ್ತು ದೇಶದಲ್ಲಿ ಗ್ರಂಥಪಾಲಕರ ದಿನ, ನಮ್ಮಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರ ನೆನಪಿಗೆ. ಲೈಬ್ರರಿಗೆ ಬರುವ ಮೊದಲು ಅವರು ಗಣಿತದ ಮೇಷ್ಟ್ರು, ನಮ್ಮ ಘಟ್ಟದ ಕೆಳಗಿನ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಪಾಠ ಮಾಡಿದವರು. 1931ರಲ್ಲಿ ಅವರು ಲೈಬ್ರರಿಗಳಿಗೆ ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ. ಹರಿಯುತ್ತವೆ ಅನ್ನುವ ಭಯಕ್ಕೆ ನಾನೂ ಮೊದಲ ವರ್ಷ ಬೀರುವಿಗೆ ಬೀಗ ಹಾಕಿಟ್ಟಿದ್ದೆ. ಈಗ ಬೀಗ ಇಲ್ಲ. ಹರಿದದ್ದನ್ನು ಮಕ್ಕಳೇ ಮೈದಾ ಅಂಟು ಹಚ್ಚಿ ಸರಿಮಾಡುತ್ತಾರೆ.

ಬೆಲ್ ಆಗುವ ಹೊತ್ತಿಗೆ ಆ ಹುಡುಗಿ ಒಂದು ಚೀಟಿ ಬರೆದು ಪದಸೂಚಿಯ 'ಉ' ಹತ್ತಿರ ಇಟ್ಟಿದ್ದಳು: 'ಉಂಬಳ - ಜಿಗಣೆ ನೋಡಿ'. ಬಾಗಿಲವರೆಗೆ ಹೋದವಳು ತಿರುಗಿ ಬಂದಳು.

"ಟೀಚರ್, ನಮ್ಮಜ್ಜಿ ಇಂಬಳ ಅಂತಾರೆ. ಅದಕ್ಕೂ ಒಂದು ಚೀಟಿ ಹಾಕ್ಲಾ?"